ಎದುರು ಮನೆಯಲ್ಲಿ ಕೊಡಲಾಗಿದೆ

12 ಜೂನ್ 2003, ಗುರುವಾರ

ಇದೊಂದನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಇವತ್ತು ಬೆಳಿಗ್ಗೆ ನಾನು ಕೊರಿಯರ್‌ನವನಿಗಾಗಿ ಪರದೆಯ ಹಿಂದೆ ನಿಂತು ಕಾದೆ. ನನಗೆ ಯಾವ ಪಾರ್ಸೆಲ್ಲೂ ಬರುವುದಿರಲಿಲ್ಲ. ಬೇರೆಯವರ ಪಾರ್ಸೆಲ್ಲನ್ನು ಅವನು ಯಾರ ಮನೆಯಲ್ಲಿ ಕೊಡುತ್ತಾನೆಂದು ನೋಡಬೇಕಾಗಿತ್ತು, ಅಷ್ಟೇ. ನಲವತ್ತಾರು ವರ್ಷದ ಹೆಂಗಸು, ಒಲೆಯ ಮೇಲೆ ಬೇಳೆ ಇಟ್ಟು, ಪರದೆಯ ಸಂದಿಗೆ ಒಂದು ಕಣ್ಣಿಟ್ಟು ನಿಂತಿದ್ದೆ. ಬೇಳೆ ತಳ ಹಿಡಿಯಿತು.

ಕೊಟ್ಟದ್ದು ಎದುರು ಮನೆಯ ಬದ್ರುನ್ನೀಸಾಗೆ. ನಿನ್ನೆಯೂ ಅವಳಿಗೇ. ಹಲಸೂರಿನ ಈ ಗಲ್ಲಿಯಲ್ಲಿ ಬೆಳಿಗ್ಗೆ ಒಂಬತ್ತಾದರೆ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಮನೆಯವರು ಅಂಗಡಿಗೋ ಕಾರ್ಖಾನೆಗೋ ಹೋಗಿರುತ್ತಾರೆ. ಆಮೇಲೆ ಬರುವ ಅವರ ಚೆಕ್ ಪುಸ್ತಕ, ರಿಪೇರಿಗೆ ಹೋಗಿದ್ದ ಗಡಿಯಾರ, ಊರಿನ ಹಪ್ಪಳ ಎಲ್ಲ ಬದ್ರುನ್ನೀಸಾ ಮನೆಯ ಮಂಚದ ಕೆಳಗೆ ಸೇರುತ್ತವೆ. ಸಂಜೆ ಒಬ್ಬೊಬ್ಬರಾಗಿ ಬಂದು ತೆಗೆದುಕೊಂಡು ಹೋಗುತ್ತಾರೆ. ಹೋಗುತ್ತಾರೆ ಎಂದರೆ ತಪ್ಪು. ಕೂರುತ್ತಾರೆ, ನಗುತ್ತಾರೆ, ಆಮೇಲೆ ಹೋಗುತ್ತಾರೆ. ಆ ನಗು ನಮ್ಮ ಹಾಲ್‌ವರೆಗೆ ಕೇಳಿಸುತ್ತದೆ.

ನಾನೂ ಇಡೀ ದಿನ ಮನೆಯಲ್ಲೇ ಇರುತ್ತೇನೆ. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ಎರಡು ವರ್ಷವಾಯಿತು. ಕಮರ್ಷಿಯಲ್ ಸ್ಟ್ರೀಟ್ ಹತ್ತಿರದ ಶಾಖೆಯಲ್ಲಿ ಲಾಕರುಗಳು ನನ್ನ ಸುಪರ್ದಿನಲ್ಲಿದ್ದವು. ಒಂದು ಕೀಲಿ ಗಿರಾಕಿಯದು, ಇನ್ನೊಂದು ನನ್ನದು. ನಾನು ತಿರುಗಿಸದೆ ಯಾರ ಬಂಗಾರವೂ ಹೊರಗೆ ಬರುತ್ತಿರಲಿಲ್ಲ. ಅಂಥವಳ ಮನೆಯಲ್ಲಿ ಒಂದು ಕಟ್ಟು ಹಪ್ಪಳ ಇಟ್ಟು ಹೋಗಲು ಕೊರಿಯರ್‌ನವನಿಗೆ ಮನಸ್ಸಿಲ್ಲ.

ಇದನ್ನು ಅಸೂಯೆ ಎನ್ನಬೇಕೇ? ಸದ್ಯಕ್ಕೆ ಕುತೂಹಲ ಎಂದುಕೊಳ್ಳುತ್ತೇನೆ.

17 ಜೂನ್, ಮಂಗಳವಾರ

ಅವನ ಹೆಸರು ಭೀಮಾಶಂಕರ. ಕಲಬುರಗಿ ಕಡೆಯವನು, ಮೂವತ್ತರ ಆಸುಪಾಸು. ಹೊಸ ತಿಪ್ಪಸಂದ್ರದಲ್ಲಿ ಹೆಂಡತಿಯೊಂದಿಗೆ ಬಾಡಿಗೆ ಕೋಣೆಯಲ್ಲಿದ್ದಾನೆ. ಹಳೆಯ ಸೈಕಲ್ಲು, ಹ್ಯಾಂಡಲ್ಲಿಗೆ ಎರಡೂ ಕಡೆ ಚೀಲ.

ನಾಲ್ಕಾರು ದಿನ ಗಮನಿಸಿದ ಮೇಲೆ ಅವನ ರೀತಿ ಒಂದಿಷ್ಟು ತಿಳಿದಿದೆ. ಬೀಗ ಹಾಕಿದ ಮನೆಗೆ ಬಂದರೆ ಮೊದಲು ಬೀಗವನ್ನೇ ಅಲ್ಲಾಡಿಸುತ್ತಾನೆ, ಅದು ಸುಳ್ಳು ಹೇಳುತ್ತಿರಬಹುದೇನೋ ಎನ್ನುವಂತೆ. ತೆಳ್ಳಗಿನ ಲಕೋಟೆಯಾದರೆ ಬಾಗಿಲ ಕೆಳಗೆ ತೂರಿಸುತ್ತಾನೆ. ಚೆಕ್ ಪುಸ್ತಕವನ್ನು ಒಮ್ಮೆ ಕರೆಂಟಿನ ಮೀಟರ್ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿ ಹೋದ. ಮೂಲೆಮನೆಯಲ್ಲಿ ನಾಯಿಯಿದೆ, ಅಲ್ಲಿಗೆ ಹೋಗುವುದಿಲ್ಲ. ಮಹಡಿಯ ಬಾಲಮ್ಮನ ಹತ್ತಿರ ಹೋಗುವುದಿಲ್ಲ, ಏಕೆಂದರೆ ಆಕೆ ಪೊಟ್ಟಣವನ್ನು ಹಿಸುಕಿ, ಮೂಸಿ, "ಒಳಗೇನಪ್ಪ ಇದೆ, ಮೈಸೂರ್‌ಪಾಕಾ?" ಎಂದು ಅವನನ್ನೇ ಕೇಳುತ್ತಾಳೆ. ಉಳಿದದ್ದೆಲ್ಲ ಬದ್ರುನ್ನೀಸಾಗೆ. ನಮ್ಮ ಮನೆ ಬಂದಾಗ ಸೈಕಲ್ಲಿನ ವೇಗ ಹೆಚ್ಚುತ್ತದೆ.

ಅವಳ ಮನೆಯ ಮುಂಬಾಗಿಲಿಗೂ ಅವನು ಹೋಗುವುದಿಲ್ಲ. ಪಕ್ಕದ ಓಣಿಯಂಥ ಜಾಗದಲ್ಲಿ ಒಳಗೆ ಹೋಗುತ್ತಾನೆ. ಹತ್ತು ನಿಮಿಷವಾದರೂ ಹಿಡಿಯುತ್ತದೆ. ಗಂಡ ನಯಾಜ್‌ಗೆ ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನಂಗಡಿ, ಕತ್ತಲಿರುವಾಗಲೇ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿರುವುದು ಅವಳು, ಮಗಳು ನಾಜಿಶ್. ಒಂದು ಪೊಟ್ಟಣ ಕೊಡಲು ಹತ್ತು ನಿಮಿಷ ಏಕೆ ಬೇಕೋ. ನನಗೇನು.

ನಮ್ಮವರಿಗೆ ಊಟ ಬಡಿಸುವಾಗ ವಿಷಯ ತೆಗೆದೆ. ಈ ಮುನಿರಾಜಪ್ಪನವರು ವಿಮಾನದ ಕಾರ್ಖಾನೆಯಲ್ಲಿ ಮೊಳೆ ಪರೀಕ್ಷೆ ಮಾಡುವವರು. ಹೆಂಡತಿಯನ್ನೂ ಹಾಗೆಯೇ ಪರೀಕ್ಷಿಸುತ್ತಾರೆ.

"ಅವನು ಯಾಕೆ ನಿಲ್ತಾನೆ ಹೇಳು ನಿನ್ನ ಹತ್ರ? ಸಹಿ ಹಾಕು ಅಂದ್ರೆ ಮೊದ್ಲು ಕನ್ನಡಕ ಹುಡುಕ್ತೀಯ. ಆಮೇಲೆ ನಿನ್ನದೇ ಪೆನ್ನು ಆಗ್ಬೇಕು. ಆಮೇಲೆ ಟೈಮ್ ಬರೀತೀಯ, 'ಒಳಗಿನ ವಸ್ತು ಪರಿಶೀಲಿಸಿಲ್ಲ' ಅಂತ ಬರೀತೀಯ. ಅಷ್ಟೊತ್ತಿಗೆ ಅವನು ಇಂದಿರಾನಗರ ಮುಗಿಸ್ಕೊಂಡು ವಾಪಸ್ ಬಂದ್ಬಿಡ್ತಾನೆ."

"ಹಾಗೆ ಬರೆಯೋದು ಸರಿಯಾದ ಕ್ರಮ."

"ಸರೀನೇ. ಅದಕ್ಕೇ ಎದುರು ಮನೆಗೆ ಹೋಗ್ತಾನೆ," ಎಂದು ಮಜ್ಜಿಗೆ ಕೇಳಿದರು.

24 ಜೂನ್, ಮಂಗಳವಾರ

ಗೇಟಿನ ಬೀಗ ತೆಗೆದಿಟ್ಟೆ. ವರಾಂಡದಲ್ಲಿ ಕುರ್ಚಿ ಹಾಕಿದೆ. ಮಣ್ಣಿನ ಹೂಜಿಯಲ್ಲಿ ನೀರು, ಮೇಲೊಂದು ಲೋಟ.

ಭೀಮಾಶಂಕರ ಬಂದ. ಎರಡು ಲೋಟ ನೀರು ಕುಡಿದ. "ಭಾಳ ಛಲೋ ಆತ್ರೀ ಅಕ್ಕೋರೆ, ಬಿಸಲಾಗ ಬಾಯಿ ಒಣಗಿತ್ತು" ಎಂದ. ನಾನೇ ಕೇಳಿಬಿಟ್ಟೆ: "ಬೀಗ ಹಾಕಿರೋರ ಪಾರ್ಸೆಲ್ ನಮ್ಮನೇಲೂ ಇಡಬಹುದಲ್ಲಪ್ಪ?"

"ನಿಮಗ್ಯಾಕ ತ್ರಾಸ ಕೊಡೂದ್ರೀ," ಎಂದು ನೆಲ ನೋಡಿದ.

ಪಾರ್ಸೆಲ್ ಎದುರು ಮನೆಗೆ ಕೊಟ್ಟ.

2 ಜುಲೈ, ಬುಧವಾರ

ಅಕ್ಕ ಕಾವೇರಿ ಗದಗಿನಿಂದ ಚಟ್ನಿಪುಡಿ ಕಳಿಸಿದ್ದಳು. ನಾನು ಸ್ನಾನಕ್ಕೆ ಹೋಗಿದ್ದೆ, ಅಷ್ಟೇ. ಹೊರಗೆ ಬಂದು ನೋಡಿದರೆ ಗೇಟಿನ ಸರಳಿಗೆ ಸಿಕ್ಕಿಸಿದ ಚೀಟಿ: ಎದುರು ಮನೆಯಲ್ಲಿ ಕೊಡಲಾಗಿದೆ.

ನನ್ನ ಪಾರ್ಸೆಲ್ಲನ್ನು ಕೇಳಿ ಪಡೆಯಲು ನಾನು ರಸ್ತೆ ದಾಟಿದೆ. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಹೋದೆ. ಬದ್ರುನ್ನೀಸಾ ಬಾಗಿಲಲ್ಲೇ ಇದ್ದಳು. ಅವಳು ಮದರಾಸಿನ ಅಂಗಡಿಯೊಂದಕ್ಕೆ ದುಪಟ್ಟಾ, ಬ್ಲೌಸುಗಳ ಮೇಲೆ ಜರಿ, ಮಣಿ ಕೆಲಸ ಮಾಡಿಕೊಡುತ್ತಾಳೆ. ಬೆರಳಿನಲ್ಲಿ ಸೂಜಿ ಹಾಗೇ ಇತ್ತು.

"ಬನ್ನಿ ಬನ್ನಿ ಶಾಂತಮ್ಮ. ಏನ್ ವಾಸ್ನೆ ರೀ ಅದು! ಮನೆಯೆಲ್ಲಾ ಘಮ್ ಅಂತಿದೆ. ನಾಜಿಶ್‌ಗೆ ಇವತ್ತು ಕಾಲೇಜಿಲ್ಲ, ಆಗ್ಲಿಂದ ಅನ್ನ ಮಾಡು ಅನ್ನ ಮಾಡು ಅಂತ ತಲೆ ತಿಂತಿದಾಳೆ."

ಕೂರಿ ಎಂದಳು. ಕೂರಲಿಲ್ಲ. ಆಗಲೇ ಬಾಲಮ್ಮ ಮಾರ್ಕೆಟ್ಟಿಗೆ ಹೊರಟವಳು ಬಂದು, ನನ್ನ ಕಣ್ಣೆದುರೇ ತನ್ನ ಮನೆಯ ಬೀಗದ ಕೈಯನ್ನು ಬದ್ರುನ್ನೀಸಾ ಕೈಗೆ ಹಾಕಿದಳು. "ಇಟ್ಕೋ ಬದ್ರು, ಗ್ಯಾಸ್‌ನೋನು ಬಂದ್ರೆ ನೀನೇ ತೆಗೆದು ಇಡಿಸ್ಬಿಡು." ಬದ್ರುನ್ನೀಸಾ ಗೋಡೆಗೂಡಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಅದರಲ್ಲಿ ಹಾಕಿದಳು. ಡಬ್ಬಿಯೊಳಗೆ ಇನ್ನೂ ಬೀಗದ ಕೈಗಳಿದ್ದವು. ಅವು ಒಂದಕ್ಕೊಂದು ತಾಗಿದ ಸದ್ದು ನನಗೆ ಚೆನ್ನಾಗಿ ಗೊತ್ತಿರುವ ಸದ್ದು. ಯಾರ ಕೀಲಿ ಯಾವುದೆಂದು ಒಂದು ಚೀಟಿಯೂ ಇರಲಿಲ್ಲ.

ಮನೆಗೆ ಬಂದು ಕೊರಿಯರ್ ಆಫೀಸಿಗೆ ಫೋನ್ ಮಾಡಿದೆ. ಹೆಸರು ಕೇಳಿದರು, ಹೇಳಿದೆ. ನನ್ನ ಪಾರ್ಸೆಲ್ಲನ್ನು ನನ್ನ ಸಹಿಯಿಲ್ಲದೆ ಬೇರೆಯವರಿಗೆ ಕೊಟ್ಟದ್ದು ನಿಯಮಕ್ಕೆ ವಿರುದ್ಧ ಎಂದೆ. ಇನ್ನೂ ಒಂದೆರಡು ಮಾತಾಡಿದೆ. ಇದು ವ್ಯಕ್ತಿಯ ಮೇಲಿನ ದೂರಲ್ಲ, ಪದ್ಧತಿಯ ಮೇಲಿನದು.

ಚಟ್ನಿಪುಡಿ ಈ ಸಲ ಖಾರ ಹೆಚ್ಚು.

9 ಜುಲೈ, ಬುಧವಾರ

ಹೊಸಬ ಬಂದಿದ್ದಾನೆ. ರಾಮು ಅಂತೆ. ಮೋಟಾರ್‌ಬೈಕು, ಕಿವಿಗೆ ಮೊಬೈಲು. ನಮ್ಮ ಗೇಟಿನ ಮುಂದೆ ಎಂಜಿನ್ನನ್ನೂ ಆರಿಸದೆ ಕೇಳಿದ: "ಮೇಡಂ, ನೀವು ಡೈಲಿ ಮನೇಲಿರ್ತೀರಾ? ಇಪ್ಪತ್ತೆರಡು, ಇಪ್ಪತ್ತಾರು, ಮೂವತ್ತು, ಎಲ್ಲಾ ಡೋರ್‌ಲಾಕ್. ಇಟ್ಕೋತೀರಾ?"

"ಇಟ್ಕೋತೀನಿ," ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಅವನಿಗೆ ಗೊತ್ತಾಗಿರಲಾರದು, ಎಂಜಿನ್ ಸದ್ದಿತ್ತು.

ಮೂರು ಪೊಟ್ಟಣ. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಮನೆ ಸಂಖ್ಯೆಯ ಪ್ರಕಾರ ಜೋಡಿಸಿದೆ. ಸಂಜೆಯವರೆಗೆ ಎರಡು ಸಲ ಹೋಗಿ ನೋಡಿ ಬಂದೆ. ನಾಳೆಗೆ ರವೆ ಉಂಡೆ ಮಾಡಿಡಬೇಕು. ಪಾರ್ಸೆಲ್ಲಿಗೆ ಬಂದವರಿಗೆ ಕೊಡಲು ಏನಾದರೂ ಇರಲಿ.

15 ಜುಲೈ, ಮಂಗಳವಾರ

ರವೆ ಉಂಡೆಗಳು ಹಾಗೇ ಇವೆ.

ಎಲ್ಲರೂ ಬರುತ್ತಾರೆ, ಆದರೆ ಗ್ರಿಲ್ಲಿನ ಆಚೆಯೇ ನಿಲ್ಲುತ್ತಾರೆ. "ಥ್ಯಾಂಕ್ಸ್ ಆಂಟಿ" ಎಂದು ಕೈ ಒಳಗೆ ಚಾಚುತ್ತಾರೆ. ಸಹಿ ಹಾಕಿ ಎಂದರೆ ಹಾಕುತ್ತಾರೆ. ಕೆಲಸ ಅಚ್ಚುಕಟ್ಟಾಗಿ ನಡೆಯುತ್ತಿದೆ, ಯಾರ ಸಮಯವೂ ಹಾಳಾಗುತ್ತಿಲ್ಲ. ಪಾರ್ಸೆಲ್ ತೆಗೆದುಕೊಂಡ ಮೇಲೆ ಕೆಲವರು ಹಾಗೇ ರಸ್ತೆ ದಾಟಿ ಎದುರು ಮನೆಗೆ ಹೋಗಿ ಕೂರುತ್ತಾರೆ. ಅಲ್ಲಿ ಈಗ ಅವರಿಗೆ ಏನು ಕೆಲಸ?

ಬಾಲಮ್ಮ ಬಂದಳು. "ಏನಕ್ಕ, ಬ್ಯಾಂಕೇ ಓಪನ್ ಮಾಡ್ಬಿಟ್ರಲ್ಲ! ಟೋಕನ್ ಕೊಡ್ತೀರಾ, ಇಲ್ಲ ಕ್ಯೂ ನಿಲ್ಬೇಕಾ?"

"ಸಹಿ ಸಾಕು ಬಾಲಮ್ಮ."

"ಹೆಬ್ಬೆಟ್ಟು ಒತ್ಲಾ?" ಎಂದು ನಕ್ಕು, ಸಹಿ ಹಾಕುತ್ತಲೇ ಹೇಳಿದಳು: "ಆ ಭೀಮಾಶಂಕರನ್ನ ಕೆ.ಆರ್. ಪುರಂ ಗೋಡೌನ್‌ಗೆ ಹಾಕಿದಾರಂತೆ. ಮೂಟೆ ಹೊರೋ ಕೆಲಸ. ಇನ್ನೊಂದು ಕಂಪ್ಲೇಂಟ್ ಬಂದ್ರೆ ಮನೆಗೆ ಕಳಿಸ್ತಾರಂತೆ. ಯಾರೋ ಪುಣ್ಯಾತ್ಗಿತ್ತಿ ಫೋನ್ ಮಾಡವ್ಳೆ."

"ಹೆಂಗಸೇ ಮಾಡಿದ್ದು ಅಂತ ಗೊತ್ತಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಗಂಡಸ್ರಿಗೆ ಅಷ್ಟು ಪುರುಸೊತ್ತು ಎಲ್ಲಿದೆ ಅಕ್ಕ?"

ಗೋಡೌನಿನ ಕೆಲಸವೂ ಕೆಲಸವೇ. ಬಿಸಿಲಿರುವುದಿಲ್ಲ.

21 ಜುಲೈ, ಸೋಮವಾರ

ಬದ್ರುನ್ನೀಸಾ ಹೆಸರಿಗೆ ಒಂದು ಗಂಟು ಬಂದಿದೆ. ಮದರಾಸಿನ ಅಂಗಡಿಯದು, ಮೇಲೆ ಗೋಣಿ ಹೊಲಿಗೆ. ಅವಳು ತಂಗಿಯ ಹೆರಿಗೆಗೆಂದು ಕೋಲಾರಕ್ಕೆ ಹೋಗಿದ್ದಾಳೆ. ನಾಜಿಶ್ ಕಾಲೇಜಿನಲ್ಲಿದ್ದಳು, ಮನೆಗೆ ಬೀಗ. ರಾಮು ಗಂಟನ್ನು ನಮ್ಮ ಮನೆಯಲ್ಲಿ ಕೊಟ್ಟ. ಅವಳದ್ದು, ನಮ್ಮ ಮನೆಯಲ್ಲಿ! ಸೋಫಾದ ಮೇಲೆ ಇಟ್ಟೆ. ಮೇಜಿನ ಮೇಲೆ ಜಾಗವಿತ್ತು, ಆದರೂ ಸೋಫಾದ ಮೇಲೆಯೇ ಇಟ್ಟೆ.

ಸಂಜೆ ನಾಜಿಶ್ ಬಂದಳು. ಹದಿನೆಂಟು ವರ್ಷದ ಹುಡುಗಿ, ಚುರುಕು.

"ಆಂಟಿ, ಅಮ್ಮೀದು ಬಂಡಲ್ ಬಂದಿದೆಯಂತಲ್ಲ, ಕೊಡಿ."

"ಅಮ್ಮ ಯಾವಾಗ ಬರ್ತಾರೆ?"

"ಬುಧವಾರ. ಮದ್ವೆ ಆರ್ಡರ್ ಆಂಟಿ, ಶುಕ್ರವಾರ ಸಂಜೆ ವಾಪಸ್ ಹೋಗ್ಬೇಕು. ನಾನು ಇವತ್ತೇ ಶುರು ಮಾಡ್ಕೊಂಡ್ರೆ ಆಗುತ್ತೆ."

"ಇದರ ಮೇಲೆ ಅಮ್ಮನ ಹೆಸರಿದೆ ಪುಟ್ಟ. ಅವರ ಕೈಗೇ ಕೊಡ್ಬೇಕು. ಏನಾದ್ರೂ ಹೆಚ್ಚುಕಡಿಮೆ ಆದ್ರೆ ಜವಾಬ್ದಾರಿ ನಂದು."

ಅವಳು ನನ್ನನ್ನು ನೋಡಿದಳು. ತಮಾಷೆ ಎಂದುಕೊಂಡು ನಗಲು ಹೊರಟಿದ್ದಳು, ನಿಲ್ಲಿಸಿದಳು.

ಲಾಕರಿನಲ್ಲಾದರೂ ಹೀಗೆಯೇ. ಮಗಳು ಬಂದು ಕೇಳಿದಳೆಂದು ತಾಯಿಯ ಲಾಕರ್ ತೆರೆಯಲಾಗುತ್ತದೆಯೇ? ನಾನು ಮಾಡಿದ್ದು ಸರಿ.

22 ಜುಲೈ, ಮಂಗಳವಾರ

ನಾಜಿಶ್ ಮತ್ತೆ ಬಂದಳು. ಇಲ್ಲ ಎಂದೆ. ಗಂಟಿನ ಪಕ್ಕದಲ್ಲೇ ಕೂತು ಟೀವಿ ನೋಡಿದೆ. ಏನು ನೋಡಿದೆನೋ ನೆನಪಿಲ್ಲ.

23 ಜುಲೈ, ಬುಧವಾರ

ಬದ್ರುನ್ನೀಸಾ ಬಸ್ಸಿನಿಂದ ಇಳಿದವಳು ಬುರ್ಖಾ ಕೂಡ ತೆಗೆಯದೆ ಸೀದಾ ನಮ್ಮ ಮನೆಗೆ ಬಂದಳು. ಗಂಟನ್ನು ಗೇಟಿನ ಹತ್ತಿರವೇ ಬಿಚ್ಚಿ ನೋಡಿದಳು. ಮೂರು ಕೆಂಪು ದುಪಟ್ಟಾ, ಪೊಟ್ಟಣ ಪೊಟ್ಟಣ ಮಣಿ.

"ಅಯ್ಯೋ ಶಾಂತಮ್ಮ. ಬಚ್ಚಿ ಕೈಗೆ ಕೊಟ್ಬಿಟ್ಟಿದ್ರೆ ಒಂದು ಮುಗಿದೋಗಿರೋದು. ಈಗ ಎರಡು ದಿನಕ್ಕೆ ಮೂರು ಹೆಂಗೆ ಮಾಡ್ಲಿ?"

ಅಷ್ಟೇ ಹೇಳಿದ್ದು. ಬೈಯಲಿಲ್ಲ. ಸಹಿ ಎಲ್ಲಿ ಹಾಕಬೇಕೆಂದು ಕೇಳಿ ಹಾಕಿದಳು. ಬೈದಿದ್ದರೆ ನಾನೂ ಎರಡು ಮಾತಾಡಬಹುದಿತ್ತು, ಲೆಕ್ಕ ಸಮವಾಗುತ್ತಿತ್ತು. ಅದಕ್ಕೂ ಅವಳು ದಾರಿ ಕೊಡಲಿಲ್ಲ. ಇಷ್ಟು ಕೋಪ ನನಗೆ ಅವಳ ಮೇಲೆ ಹಿಂದೆ ಬಂದಿರಲಿಲ್ಲ.

24 ಜುಲೈ, ಗುರುವಾರ

ಬೆಳಿಗ್ಗೆ ಹತ್ತಕ್ಕೆ ಎದುರು ಮನೆಗೆ ಹೋದೆ. ಏಕೆ ಹೋದೆ? ಪಶ್ಚಾತ್ತಾಪ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವೆಂದರೆ, ಕೆಲಸ ಮುಗಿಯದಿದ್ದರೆ ತಪ್ಪು ನನ್ನದಾಗುತ್ತದಲ್ಲ ಎಂಬ ಭಯ. "ನನಗೂ ಸೂಜಿ ಹಿಡಿಯೋಕೆ ಬರುತ್ತೆ, ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ರು" ಎಂದೆ. ಬದ್ರುನ್ನೀಸಾ ನನ್ನ ಮುಖ ನೋಡಿ, ಜರುಗಿ ಚಾಪೆಯ ಮೇಲೆ ಜಾಗ ಮಾಡಿದಳು.

ಕಾಲೇಜಿಗೆ ಚಕ್ಕರ್ ಹೊಡೆದ ನಾಜಿಶ್ ಒಂದು ಅಂಚಿನಲ್ಲಿ, ಅವಳ ತಾಯಿ ಇನ್ನೊಂದರಲ್ಲಿ. ನನಗೆ ಸುಲಭದ ಮೂಲೆ ಕೊಟ್ಟರು. ಸಿಸ್ಟರ್‌ಗಳು ಕಲಿಸಿದ್ದು ಕರವಸ್ತ್ರದ ಮೇಲಿನ ಹೂವು, ಇದು ಬೇರೆ. ನಾನು ಹತ್ತು ಮಣಿ ಪೋಣಿಸುವಷ್ಟರಲ್ಲಿ ನಾಜಿಶ್ ಒಂದು ಗೇಣು ಮುಗಿಸುತ್ತಿದ್ದಳು. ಆ ಬೆರಳುಗಳನ್ನು ನೋಡಿಯೂ ಹೊಟ್ಟೆ ಉರಿಯಿತು.

ಬಾಲಮ್ಮ ಬಂದು ಹೊಸ್ತಿಲ ಮೇಲೆ ಕೂತಳು. ರಾಮುವಿನ ಮಾತು ಬಂತು, ಅಲ್ಲಿಂದ ಭೀಮಾಶಂಕರನ ಮಾತು. ಸೂಜಿಯ ಕಡೆ ನೋಡುತ್ತಲೇ ನಾನು ಕೇಳಿದೆ: "ಅವನು ಯಾಕೆ ಎಲ್ಲಾ ಪಾರ್ಸೆಲ್ಲೂ ನಿಮ್ಮನೇಲೇ ಕೊಡ್ತಿದ್ದ?"

ನಾಜಿಶ್ ಕಿಸಕ್ಕೆಂದಳು. "ಬಾತ್‌ರೂಮಿಗೆ ಆಂಟಿ!"

"ಚುಪ್," ಎಂದಳು ತಾಯಿ.

"ಏನ್ ಚುಪ್ಪು? ಹೇಳು ಬದ್ರು," ಎಂದು ಬಾಲಮ್ಮ ತಾನೇ ಶುರು ಮಾಡಿದಳು. "ಹೋದ್ ವರ್ಷ ಬೇಸಿಗೇಲಿ ಅವನಿಗೆ ಹೊಟ್ಟೆ ಕೆಟ್ಟಿತ್ತು. ಸೈಕಲ್ ಬಿಟ್ಟು ಗೋಡೆ ಹಿಡ್ಕೊಂಡು ನಿಂತ್ಬಿಟ್ಟಿದ್ದ ಪಾಪ, ಮುಖ ಹಿಂಗೆ ಹಿಂಡ್ಕೊಂಡು. ಇವ್ಳು ಓಣಿಯಲ್ಲಿರೋ ಹಳೇ ಪಾಯಿಖಾನೆ ತೋರಿಸಿದ್ಲು."

ಬದ್ರುನ್ನೀಸಾ ದಾರ ಕಚ್ಚಿ ತುಂಡು ಮಾಡಿದಳು. "ದಿನವೆಲ್ಲಾ ಸೈಕಲ್ ಮೇಲೆ ಶಾಂತಮ್ಮ. ಎಲ್ ಹೋಗ್ಬೇಕು ಅವ್ರು? ಮನೆಗಳ ಮುಂದೆ ನಿಂತ್ರೆ ಜನ ಕಲ್ಲು ಹೊಡೀತಾರೆ. ದಿನಾ ಬಂದು ಹೋಗು ಅಂದೆ. ಹೆಂಗೂ ಬರ್ತಾನೆ, ಕೈಯಲ್ಲಿರೋದು ಇಲ್ಲೇ ಇಟ್ಟು ಹೋಗ್ತಾನೆ."

"ಅಷ್ಟೇನಾ?"

"ಮತ್ತಿನ್ನೇನು? ನಂಬಿಕೆ ಗಿಂಬಿಕೆ ಏನಿಲ್ಲ."

ಅದು ನಾನು ಕೇಳದಿದ್ದ ಪ್ರಶ್ನೆಗೆ ಉತ್ತರವಾಗಿತ್ತು.

ನಮ್ಮ ಮನೆಯ ಹಿಂದೆಯೂ ಅಂಥದ್ದೊಂದಿದೆ. ಕೆಲಸದವಳಿಗೆಂದು ಕಟ್ಟಿಸಿದ್ದು. ಅವಳಿಗೂ ಕೊಡಲಿಲ್ಲ. ಹಳೆಯ ಪೇಪರು, ಕೆಟ್ಟ ಫ್ಯಾನು ತುಂಬಿ ಬೀಗ ಹಾಕಿದ್ದೇವೆ.

ಈಗ ಎರಡನೇ ತಾರೀಖಿನ ಪುಟಕ್ಕೆ ಹಿಂತಿರುಗಬೇಕು. ಅಲ್ಲಿ "ಇನ್ನೂ ಒಂದೆರಡು ಮಾತಾಡಿದೆ" ಎಂದು ಬರೆದಿದ್ದೇನೆ. ಆ ಮಾತುಗಳು ಇವು: ಅವನು ದಿನಾ ಆ ಮನೆಯ ಪಕ್ಕದ ಓಣಿಯಲ್ಲಿ ಒಳಗೆ ಹೋಗಿ ಹತ್ತು ನಿಮಿಷ ಇರುತ್ತಾನೆ, ಆ ಹೊತ್ತಿನಲ್ಲಿ ಮನೆಯಲ್ಲಿ ಗಂಡಸರಿರುವುದಿಲ್ಲ, ವಯಸ್ಸಿಗೆ ಬಂದ ಹುಡುಗಿಯಿದ್ದಾಳೆ, ಏನು ನಡೆಯುತ್ತದೋ ನನಗೆ ತಿಳಿಯದು. ಕೊನೆಯ ವಾಕ್ಯವನ್ನು ಬಹಳ ಸೌಮ್ಯವಾಗಿ ಹೇಳಿದ್ದೆ. ತಿಳಿಯದು ಎಂದದ್ದರಿಂದ ಅದು ಸುಳ್ಳಾಗಲಿಲ್ಲ ಎಂದುಕೊಂಡಿದ್ದೆ.

25 ಜುಲೈ, ಶುಕ್ರವಾರ

ಎರಡು ದುಪಟ್ಟಾ ಹೋದವು. ಮೂರನೆಯದಕ್ಕೆ ಫೋನ್ ಮಾಡಿ ಸೋಮವಾರದವರೆಗೆ ಸಮಯ ಕೇಳಿದಳು. ಅಂಗಡಿಯವನು ಕೂಗಾಡಿದ್ದು ಪಕ್ಕದಲ್ಲಿ ಕೂತ ನನಗೂ ಕೇಳಿಸಿತು. ನಾಳೆಯೂ ಹೋಗುತ್ತೇನೆ.

29 ಜುಲೈ, ಮಂಗಳವಾರ

ಹನ್ನೊಂದರ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಮದುವೆಮನೆಗೆ ಉಡುವಂಥ ಸೀರೆ ಉಟ್ಟಿದ್ದಳು, ಹೂ ಮುಡಿದಿದ್ದಳು. ಮುಖದಲ್ಲಿ ಮಾತ್ರ ಹಬ್ಬವಿರಲಿಲ್ಲ.

"ಅಕ್ಕೋರೆ, ನಮ್ಮನಿಯವ್ರು ಕೊರಿಯರ್‌ದಾಗ ಇದ್ರು, ಸೈಕಲ್ ಮ್ಯಾಲ ಬರ್ತಿದ್ರು. ಅವರು ದಿನಾ ಹೋಗ್ತಿದ್ದ ಮನಿ ಯಾವುದ್ರೀ?"

ಭೀಮಾಶಂಕರನ ಹೆಂಡತಿ ಪೀರಮ್ಮ. ಒಳಗೆ ಕರೆದೆ, ಬರಲಿಲ್ಲ. ನಿಂತೇ ಹೇಳಿದಳು. ಗೋಡೌನಿನಲ್ಲಿ ಎಲ್ಲರೂ ಅವನನ್ನು ನೋಡಿ ನಗುತ್ತಾರಂತೆ. ಆಫೀಸಿಗೆ ಬಂದ ದೂರಿನಲ್ಲಿದ್ದ ಯಾವುದೋ ಮನೆಯ ಹುಡುಗಿಯ ಮಾತೆತ್ತಿ ಚೇಷ್ಟೆ ಮಾಡುತ್ತಾರಂತೆ. ಜೊತೆಗಾರನೊಬ್ಬನ ಹೆಂಡತಿ ನಲ್ಲಿಯ ಹತ್ತಿರ ಅದನ್ನು ಇವಳಿಗೆ ಹೇಳಿದಳು.

"ಕೇಳಿದ್ರ ಬಾಯಿ ಬಿಡಂಗಿಲ್ರೀ. ಉಣ್ಣಾಕ ಕುಂತವ್ರು ಹಂಗ ಎದ್ದು ಹೋಗ್ತಾರ. ಅಕೀ ಮಾರಿ ಒಮ್ಮಿ ನೋಡಿ ಊರಿಗಿ ಹೋಗ್ತೀನ್ರೀ. ಜಗಳ ಮಾಡಂಗಿಲ್ಲ."

ಆ ಸೀರೆ ಏಕೆಂದು ನನಗೆ ಅರ್ಥವಾಯಿತು. ಎದುರು ಮನೆಯ ಕಡೆ ನೋಡುವ ಹೆಂಗಸಿನ ಕಣ್ಣು ಹೇಗಿರುತ್ತದೆಂದು ನಾನು ಮೊದಲ ಸಲ ಹೊರಗಿನಿಂದ ನೋಡಿದೆ.

ಬೆರಳು ತೋರಿಸಿದ್ದರೆ ಸಾಕಿತ್ತು. ನಾನು ಪರದೆಯ ಹಿಂದೆ ಹೋಗಬಹುದಿತ್ತು. ಚಪ್ಪಲಿ ಹಾಕಿಕೊಂಡು ಅವಳ ಜೊತೆ ರಸ್ತೆ ದಾಟಿದೆ.

ಬದ್ರುನ್ನೀಸಾ, ಇವತ್ತೂ ಕಾಲೇಜಿಗೆ ಹೋಗದಿದ್ದ ನಾಜಿಶ್ ಇಬ್ಬರೂ ಬಾಗಿಲಲ್ಲಿದ್ದರು. ಪೀರಮ್ಮ ನಾಜಿಶಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹುಡುಗಿ ಏನೂ ಅರಿಯದೆ ದುಪಟ್ಟಾ ಸರಿಮಾಡಿಕೊಂಡಳು. ನಾನು ಪೀರಮ್ಮನ ಮೊಣಕೈ ಹಿಡಿದು ಓಣಿಯೊಳಗೆ ಕರೆದುಕೊಂಡು ಹೋಗಿ, ಆ ತಗಡಿನ ಬಾಗಿಲು ತೆರೆದೆ.

"ನಿಮ್ಮೆಜಮಾನ್ರು ದಿನಾ ಬರ್ತಿದ್ದಿದ್ದು ಇಲ್ಲಿಗಮ್ಮ."

ಒಂದು ಬಕೆಟ್ಟು, ಒಂದು ಮಗ್ಗು, ತೊಳೆದ ನೆಲ. ಪೀರಮ್ಮ ಒಳಗೆ ಬಗ್ಗಿ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಒಳಗೆ ನೋಡಿದಳು.

"ಇದಕ್ಕಾ?" ಎಂದಳು. ಸೆರಗು ಬಾಯಿಗೆ ಹೋಯಿತು. ನಗುತ್ತಿದ್ದಾಳೆಂದುಕೊಂಡೆ, ಅಳುತ್ತಿದ್ದಳು, ಆಮೇಲೆ ಎರಡೂ. "ಇದನ್ನ ಹೇಳಾಕ ನಾಚಿಕಿ ನೋಡ್ರಿ ಆ ಗಂಡಸಿಗಿ! ಪಾಯಖಾನಿಗಿ ಹೋಗ್ತಿದ್ದೆ ಅಂತ ಅಂದಿದ್ರ ಮುಗೀತಿತ್ತು!" ಮುಖ ಒರೆಸಿಕೊಂಡಳು. "ಆಫೀಸಿಗಿ ಹಂಗ ಹೇಳಿದವ್ರು ಯಾರ್ರೀ?"

ಓಣಿಯ ಬಾಯಲ್ಲಿ ಬದ್ರುನ್ನೀಸಾ ನಿಂತಿದ್ದಳು. "ಹಂಗೆ ಅಂದ್ರೆ? ಏನ್ ಹೇಳಿದ್ರು ಆಫೀಸಿಗೆ?"

ಪೀರಮ್ಮ ಹೇಳಿದಳು. ಮಗಳ ಬಗ್ಗೆ ಅಂದದ್ದನ್ನೂ ಹೇಳಿದಳು.

ನನ್ನ ಕಿಟಕಿಯಿಂದ ಓಣಿಯ ಬಾಯಿ ಮಾತ್ರ ಕಾಣುತ್ತದೆ, ತಗಡಿನ ಬಾಗಿಲು ಕಾಣುವುದಿಲ್ಲ. ಬದ್ರುನ್ನೀಸಾ ತಿರುಗಿ ಆ ಕಿಟಕಿಯನ್ನೇ ನೋಡಿದಳು.

"ನಾನು ಹೇಳಿದ್ದು," ಎಂದೆ.

ತಾಯಿಯ ಹಿಂದಿದ್ದ ನಾಜಿಶ್ ಒಳಗೆ ಹೋದಳು. ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.

"ನನ್ನ ಬಗ್ಗೆ ಏನಾದ್ರೂ ಅಂದ್ಕೊಳ್ಳಿ ಶಾಂತಮ್ಮ," ಎಂದಳು ಬದ್ರುನ್ನೀಸಾ. "ಬಚ್ಚಿ ಬಗ್ಗೆ ಅಂದ್ರಲ್ಲ. ನಿನ್ನೆ ತನಕ ಪಕ್ಕದಲ್ಲಿ ಕೂತು ಮಣಿ ಪೋಣಿಸಿ ಕೊಟ್ಟಿದಾಳೆ ನಿಮಗೆ."

ಪೀರಮ್ಮ ಮಾತ್ರ ನನ್ನನ್ನು ಬಿಡಲಿಲ್ಲ. "ಬಾಯಿಲೆ ಅಂದದ್ದು ಬಾಯಿಲೆ ಹೋಗಂಗಿಲ್ರೀ ಅಕ್ಕೋರೆ. ಹಾಳ್ಯಾಗ ಬರದು ಕೊಡ್ರಿ. ಸಾಹೇಬ್ರು ಓದಬೇಕು, ಗೋಡೌನ್ ಮಂದಿ ಕೇಳಬೇಕು."

30 ಜುಲೈ, ಬುಧವಾರ

ಕೊರಿಯರ್ ಆಫೀಸಿಗೆ ಫೋನ್ ಮಾಡಿದೆ. ಮೇಲ್ವಿಚಾರಕ ಬೇಸರದಿಂದ ಹೇಳಿದ: "ಮೇಡಂ, ಒಂದ್ಸಲ ಹಂಗಂತೀರಾ, ಒಂದ್ಸಲ ಹಿಂಗಂತೀರಾ. ಬರೆದು ಸಹಿ ಮಾಡಿ ಕಳ್ಸಿ. ಅವನನ್ನ ವಾಪಸ್ ಅದೇ ಲೈನಿಗೆ ಹಾಕ್ತೀನಿ. ನಂಗೂ ಒಳ್ಳೆ ಹುಡುಗ್ರು ಸಿಗಲ್ಲ."

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲ ಹೇಳಿದೆ. ತುತ್ತು ಕೈಯಲ್ಲೇ ಇತ್ತು. "ಇದು ಕಂಪ್ಲೇಂಟ್ ಅಲ್ಲ ಶಾಂತಾ, ಚಾಡಿ," ಎಂದರು. ಬೇರೆ ದಿನವಾಗಿದ್ದರೆ ಎರಡಕ್ಕೂ ಇರುವ ವ್ಯತ್ಯಾಸ ವಿವರಿಸುತ್ತಿದ್ದೆ.

31 ಜುಲೈ, ಗುರುವಾರ

ಮೊದಲು ಇಂಗ್ಲಿಷಿನಲ್ಲಿ ಬರೆದೆ. ನನ್ನ ಓದೆಲ್ಲ ಆ ಭಾಷೆಯಲ್ಲಿ, ಬ್ಯಾಂಕಿನ ಬರವಣಿಗೆಯೂ ಅದರಲ್ಲೇ. ಚೆನ್ನಾಗಿಯೇ ಬಂತು. ಓದಿ ನೋಡಿದರೆ ಯಾರೋ ಒಬ್ಬರು ಮಾಡಿದ ದೂರನ್ನು ಇನ್ನಾರೋ ಹಿಂತೆಗೆದುಕೊಂಡಂತಿತ್ತು. ಪಾಯಿಖಾನೆ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಹರಿದೆ. ಗೋಡೌನಿನಲ್ಲಿ ಜೋರಾಗಿ ಓದಿದರೆ ಎಲ್ಲರಿಗೂ ತಿಳಿಯಬೇಕು ಎಂದು ಕನ್ನಡದಲ್ಲಿ ಬರೆದೆ. ಭೀಮಾಶಂಕರ ಆ ಮನೆಗೆ ಹೋಗುತ್ತಿದ್ದದ್ದು ಹೊರಗಿನ ಪಾಯಿಖಾನೆಗೆ. ಆ ಹೊತ್ತಿನಲ್ಲಿ ಹುಡುಗಿ ಕಾಲೇಜಿನಲ್ಲಿರುತ್ತಿದ್ದಳು. ನಾನು ನೋಡದ್ದನ್ನು ನೋಡಿದಂತೆ ಹೇಳಿದೆ. ಏಕೆ ಹೇಳಿದೆನೆಂದು ಬರೆಯಲು ಒಂದು ಸಾಲಿನ ಜಾಗ ಬಿಟ್ಟಿದ್ದೆ. ಬಹಳ ಹೊತ್ತು ಕೂತು, ಆ ಮನೆಯ ಮೇಲಿನ ಹೊಟ್ಟೆಕಿಚ್ಚಿನಿಂದ ಎಂದು ಬರೆದೆ. ಕಚೇರಿ ಪತ್ರದಲ್ಲಿ ಆ ಪದವನ್ನು ನಾನು ಹಿಂದೆಂದೂ ಬಳಸಿಲ್ಲ.

ಎದುರು ಮನೆಗೆ ತೆಗೆದುಕೊಂಡು ಹೋದೆ. ಬದ್ರುನ್ನೀಸಾ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಕನ್ನಡ ಓದಲು ಬಾರದ ಅವಳಿಗೆ ನಾಜಿಶ್ ಓದಿ ಹೇಳಿದಳು. ಕೊನೆಯ ಸಾಲಿಗೆ ಬಂದಾಗ ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಅದನ್ನೂ ಓದಿದಳು. ಬದ್ರುನ್ನೀಸಾ ಕಾಗದವನ್ನು ತಿರುಗಿಸಿ ಹಿಂದುಗಡೆ ಏನಾದರೂ ಇದೆಯೇ ಎಂದು ನೋಡಿ, ಹಿಂದಕ್ಕೆ ಕೊಟ್ಟಳು.

"ಕಳಿಸಿ," ಎಂದಳು.

ಮೇಜಿನ ಮೇಲೆ ಇವತ್ತು ಐದು ಪಾರ್ಸೆಲ್ ಇವೆ. ಭೀಮಾಶಂಕರ ಬಂದ ಮೇಲೆ ಅವು ರಸ್ತೆಯ ಆಚೆಗೆ ಹೋಗುತ್ತವೆ. ಹೋಗಬೇಕಾದದ್ದೇ. ಆದರೂ ಲಕೋಟೆ ಅಂಟಿಸುವ ಮೊದಲು ಪತ್ರವನ್ನು ಬಿಚ್ಚಿ, ಸಹಿಯ ಕೆಳಗೆ ಒಂದು ಸಾಲು ಸೇರಿಸಿದೆ: ನಮ್ಮ ಮನೆಯ ಹಿಂದೆಯೂ ಒಂದು ಪಾಯಿಖಾನೆ ಇದೆ, ಶುಚಿ ಮಾಡಿಸಿದ್ದೇನೆ. ಮಾಡಿಸಿರಲಿಲ್ಲ. ಆ ಸಾಲನ್ನು ಹೊಡೆದುಹಾಕಿದೆ. ಕಾಟು ಬಿದ್ದ ಕಾಗದ ಕಳಿಸುವುದು ನನ್ನಿಂದಾಗದು. ಇಡೀ ಪತ್ರವನ್ನು ಮತ್ತೆ ಮೊದಲಿನಿಂದ ಬರೆದೆ, ಹೊಟ್ಟೆಕಿಚ್ಚು ಇದ್ದಲ್ಲೇ ಇದೆ, ಪಾಯಿಖಾನೆ ಒಂದೇ ಇದೆ.

ಕೊರಿಯರ್‌ನಲ್ಲಿ ಬೇಡ. ಹಲಸೂರಿನ ಅಂಚೆ ಕಚೇರಿಯಿಂದ, ರಿಜಿಸ್ಟರ್ ಮಾಡಿಸಿ, ನಾಳೆ, 1 ಆಗಸ್ಟ್ 2003, ಶುಕ್ರವಾರ.